ಗೋಡೆಗೆ ಒತ್ತಿಟ್ಟ ಸ್ಪೀಕರ್

ಹೈ-ಫೈ ಸ್ಪೀಕರ್ ಕೊಂಡವರಿಗೆ ಸಿಗುವ ಮೊದಲ ಉಪದೇಶ ಎಲ್ಲ ಕಡೆ ಒಂದೇ. ಗೋಡೆಯಿಂದ ಮೂರಡಿ ಮುಂದಕ್ಕೆ ಇಡಿ, ಮೂಲೆ ಹತ್ತಿರ ಮಾತ್ರ ಬೇಡವೇ ಬೇಡ. ಪೆಟ್ಟಿಗೆ ಜೊತೆ ಬರುವ ಕೈಪಿಡಿ ಹಾಗೆ ಹೇಳುತ್ತದೆ, ಯೂಟ್ಯೂಬಿನವರೂ ಹಾಗೇ ಹೇಳುತ್ತಾರೆ. ಹತ್ತು-ಹನ್ನೆರಡರ ಹಾಲ್‌ನಲ್ಲಿ ಮೂರಡಿ ಮುಂದೆ ಇಟ್ಟು ನೋಡಿ. ಸ್ಪೀಕರ್ ಟೀಪಾಯಿಗೆ ತಾಗಿಕೊಂಡು ನಿಲ್ಲುತ್ತದೆ, ಅಡುಗೆಮನೆಗೆ ಹೋಗುವವರು ದಿನಕ್ಕೆ ಹತ್ತು ಸಲ ಅದನ್ನು ಸುತ್ತಿ ಹೋಗಬೇಕು.

ನಮ್ಮ ಮನೆಗಳಲ್ಲಿ ಸ್ಪೀಕರಿನ ಜಾಗ ತೀರ್ಮಾನ ಮಾಡುವುದು ಕಿವಿ ಅಲ್ಲ. ಪ್ಲಗ್ ಪಾಯಿಂಟ್ ಎಲ್ಲಿದೆ, ಟಿವಿ ಯಾವ ಗೋಡೆಗಿದೆ, ಬಾಲ್ಕನಿ ಬಾಗಿಲು ಎತ್ತ ತೆರೆಯುತ್ತದೆ, ದೇವರಮನೆಗೆ ದಾರಿ ಬಿಡಬೇಕಾ, ಇವೆಲ್ಲ ಸೇರಿ ಆ ಜಾಗವನ್ನು ಮೊದಲೇ ಗೊತ್ತು ಮಾಡಿರುತ್ತವೆ. ಸಾಮಾನ್ಯವಾಗಿ ಟಿವಿ ಯೂನಿಟ್ಟಿನ ಎಡಕ್ಕೆ ಒಂದು, ಬಲಕ್ಕೆ ಒಂದು. ಬೆನ್ನಿಗೆ ಗೋಡೆ. ಎರಡರಲ್ಲಿ ಒಂದಕ್ಕಾದರೂ ಪಕ್ಕದಲ್ಲೇ ಮೂಲೆ. ಇದನ್ನು ಕೊರತೆ ಅಂತ ನೋಡುವವರೇ ಜಾಸ್ತಿ. ನನಗೆ ಹಾಗನ್ನಿಸುವುದಿಲ್ಲ. ಗೋಡೆ ಬದಲಾಗುವುದಿಲ್ಲ ಅಂತ ಗೊತ್ತಿದ್ದ ಮೇಲೆ ಅದನ್ನು ಲೆಕ್ಕಕ್ಕೆ ಹಿಡಿದೇ ಸ್ಪೀಕರ್ ಆರಿಸಬಹುದು. ಅಂಥ ಸ್ಪೀಕರುಗಳನ್ನು ಹಿಂದಿನಿಂದಲೂ ಮಾಡುತ್ತಾ ಬಂದಿದ್ದಾರೆ. ಜಾಗ ಮೊದಲು, ಸ್ಪೀಕರ್ ಆಮೇಲೆ. ನಾವು ಮಾಡುವುದು ಉಲ್ಟಾ: ಸ್ಪೀಕರ್ ತಂದು, ಆಮೇಲೆ ಜಾಗದ ಜೊತೆ ಜಗಳಕ್ಕೆ ಬೀಳುತ್ತೇವೆ.

ಗೋಡೆ ನಿಜಕ್ಕೂ ಏನು ಮಾಡುತ್ತದೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. 50 ಹರ್ಟ್ಜ್ ಬೇಸ್, ಅಂದರೆ ಸೆಕೆಂಡಿಗೆ 50 ಸಲ ಅದುರುವ ತಗ್ಗು ದನಿಯಲ್ಲಿ, ಒಂದೊಂದು ಅಲೆಯೂ ಸುಮಾರು 7 ಮೀಟರ್ ಉದ್ದ. 3,000 ಹರ್ಟ್ಜ್‌ನ ಅಲೆ 11 ಸೆಂಟಿಮೀಟರ್ ಅಷ್ಟೇ. ಸ್ಪೀಕರಿನ ಮುಂಭಾಗದ ಅಗಲ 20 ಸೆಂಟಿಮೀಟರ್ ಅಂದುಕೊಳ್ಳಿ. ಸಣ್ಣ ಅಲೆಗೆ ಆ ಹಲಗೆ ದೊಡ್ಡ ಅಡ್ಡಗೋಡೆ, ಹಾಗಾಗಿ ಅದು ಮುಂದಕ್ಕೇ ಹೋಗುತ್ತದೆ. 7 ಮೀಟರ್ ಅಲೆಗೆ ಅಲ್ಲೊಂದು ಪೆಟ್ಟಿಗೆ ಇದೆ ಅನ್ನುವುದೇ ಗೊತ್ತಾಗುವುದಿಲ್ಲ. ಮುಂದೆ, ಹಿಂದೆ, ಮೇಲೆ, ಕೆಳಗೆ ಎಲ್ಲ ಕಡೆ ಹರಡಿಬಿಡುತ್ತದೆ. ಅಷ್ಟು ಅಗಲದ ಪೆಟ್ಟಿಗೆಯಲ್ಲಿ ಈ ಬದಲಾವಣೆ ಹೆಚ್ಚುಕಮ್ಮಿ 575 ಹರ್ಟ್ಜ್ ಆಸುಪಾಸಿನಲ್ಲಿ ಆಗುತ್ತದೆ. ಅದಕ್ಕಿಂತ ಕೆಳಗಿನದ್ದು ಹಿಂದಕ್ಕೂ ಸೋರುವುದರಿಂದ, ಬಯಲಿನಲ್ಲಿಟ್ಟ ಸ್ಪೀಕರಿನ ಬೇಸ್ ಮೇಲಿನ ದನಿಗಿಂತ 6 ಡೆಸಿಬಲ್‌ವರೆಗೂ ಸೊರಗುತ್ತದೆ.

ಸ್ಪೀಕರ್ ಮಾಡುವವರಿಗೆ ಇದು ಗೊತ್ತು. ದನಿಯನ್ನು ಮೇಲಿನದ್ದು, ಕೆಳಗಿನದ್ದು ಅಂತ ಪಾಲು ಮಾಡಿ ಹಂಚುವ ಒಳಗಿನ ಸರ್ಕ್ಯೂಟಿನಲ್ಲಿ, ಅಂದರೆ ಕ್ರಾಸ್‌ಓವರ್‌ನಲ್ಲಿ ಮೇಲಿನ ದನಿಯನ್ನು ಸ್ವಲ್ಪ ಇಳಿಸಿ, ಸೊರಗಿದ ಬೇಸಿಗೆ ಸರಿಸಮ ಮಾಡುತ್ತಾರೆ. ಬಯಲಿನಲ್ಲಿ, ಇಲ್ಲವೇ ದೊಡ್ಡ ಕೋಣೆಯ ನಡುವೆ, ಅದು ಸರಿಹೋಗುತ್ತದೆ. ಆದರೆ ನೀವು ಅದೇ ಸ್ಪೀಕರನ್ನು ಗೋಡೆಗೆ ಒತ್ತಿಟ್ಟರೆ? ಹಿಂದಕ್ಕೆ ಹೋದ ಬೇಸನ್ನು ಗೋಡೆ ಮುಂದಕ್ಕೇ ಕಳಿಸುತ್ತದೆ. ಸೊರಗಿದ್ದು ತಾನಾಗಿಯೇ ತುಂಬಿಕೊಂಡಿತು, ಅದಕ್ಕೂ ಮೊದಲು ಕ್ರಾಸ್‌ಓವರ್ ತನ್ನ ಪಾಲಿನದ್ದು ತುಂಬಿಟ್ಟಿದೆ. ಅತ್ತೆ ಉಪ್ಪು ಹಾಕಿದ ಸಾರಿಗೆ ಸೊಸೆಯೂ ಉಪ್ಪು ಹಾಕಿದ ಹಾಗೆ. ಗೋಡೆಯದ್ದೂ ತಪ್ಪಲ್ಲ, ಸ್ಪೀಕರಿನದ್ದೂ ತಪ್ಪಲ್ಲ. ಇಬ್ಬರೂ ಒಂದೇ ಕೆಲಸ ಮಾಡಿದರು, ಅಷ್ಟೇ.

ಹಾಗಾದರೆ ಗೋಡೆಗೆ ಅಂತಲೇ ಮಾಡಿದ ಸ್ಪೀಕರ್ ಅಂದರೆ ಏನು? ಮುಖ್ಯವಾಗಿ ಇಷ್ಟೇ: ಕ್ರಾಸ್‌ಓವರ್ ಆ ಭರ್ತಿಯನ್ನು ಪೂರ್ತಿ ಮಾಡದೆ ಗೋಡೆಗೆ ಬಿಟ್ಟುಕೊಟ್ಟಿರುತ್ತದೆ. ಬಯಲಿನಲ್ಲಿ ಕೇಳಿದರೆ ಅದು ತೆಳ್ಳಗೆ, ಸ್ವಲ್ಪ ಒರಟಾಗಿ ಕೇಳಿಸುತ್ತದೆ. ಗೋಡೆಗೆ ಸೇರಿಸಿದ ತಕ್ಷಣ ಮೈ ತುಂಬಿಕೊಳ್ಳುತ್ತದೆ. ಮೇಲಿನ ದನಿಯನ್ನು ಅಷ್ಟಾಗಿ ಇಳಿಸಬೇಕಿಲ್ಲದ್ದರಿಂದ ಅದೇ ಡ್ರೈವರುಗಳಿಂದ (ಪೆಟ್ಟಿಗೆಯಲ್ಲಿ ಅದುರಿ ಸದ್ದು ಹೊರಡಿಸುವ ಭಾಗಗಳು) ಜಾಸ್ತಿ ಸದ್ದೂ ಸಿಗುತ್ತದೆ. ಸಣ್ಣ ಆಂಪ್ಲಿಫೈಯರ್ ಸಾಕು.

ಇದಕ್ಕೆ ನನಗೆ ಬಹಳ ಇಷ್ಟವಾದ ಉದಾಹರಣೆ ಎರಡು ಬ್ರಿಟಿಷ್ ಸ್ಪೀಕರುಗಳದ್ದು. ಒಂದು ಬಿಬಿಸಿಯ ಎಲ್‌ಎಸ್3/5ಎ. 1970ರ ದಶಕದಲ್ಲಿ ಹೊರಾಂಗಣ ಪ್ರಸಾರದ ವ್ಯಾನಿನೊಳಗೆ ಕೂತು ಕೇಳಲು ಅಂತ ಮಾಡಿದ ಪುಟ್ಟ ಪೆಟ್ಟಿಗೆ. ಇನ್ನೊಂದು ಸ್ಕಾಟ್ಲೆಂಡಿನ ಲಿನ್ ಕಂಪನಿಯ ಕಾನ್, 1979ರದ್ದು. ಎರಡರ ಗಾತ್ರವೂ ಹೆಚ್ಚುಕಮ್ಮಿ ಒಂದೇ, ಬೇಸ್-ಮಿಡ್ ಡ್ರೈವರೂ ಒಂದೇ, ಕೆಇಎಫ್ ಕಂಪನಿಯ ಬಿ110. ಆದರೂ ಒಂದನ್ನು ಜನ ಸ್ಟ್ಯಾಂಡಿನ ಮೇಲೆ ಗೋಡೆಯಿಂದ ದೂರ ಇಟ್ಟು ಕೇಳಿದರು, ಇನ್ನೊಂದನ್ನು ಗೋಡೆಗೆ ತಾಗಿಸಿಯೇ ಇಡಬೇಕು ಅಂತ ಲಿನ್ ಹೇಳಿತು. ಕಾನ್ ಅನ್ನು ಕೋಣೆಯ ನಡುವೆ ಇಟ್ಟು ಕೇಳಿದವರು ಕಿರುಚುತ್ತದೆ ಅಂತ ಬೈದರು. ಎಲ್‌ಎಸ್3/5ಎ ಅನ್ನು ಗೋಡೆಗೆ ಒತ್ತಿದವರು ಮಂಕು ಅಂದರು. ಗಾತ್ರ, ಡ್ರೈವರ್ ನೋಡಿ ಸ್ಪೀಕರ್ ಆರಿಸುವವರು ಈ ಜೋಡಿಯನ್ನು ಒಮ್ಮೆ ನೆನೆಸಿಕೊಂಡರೆ ಒಳ್ಳೆಯದು.

ಇಷ್ಟೇ ಆಗಿದ್ದರೆ ಕತೆ ಸುಲಭವಿತ್ತು. ಗೋಡೆ ಬೇಸನ್ನು ಕೂಡಿಸುವುದು ಮಾತ್ರವಲ್ಲ, ಒಂದು ಜಾಗದಲ್ಲಿ ಕಳೆಯುತ್ತದೆ ಕೂಡ. ಬೇಸ್ ನುಡಿಸುವ ಡ್ರೈವರಾದ ವೂಫರಿನಿಂದ ಹೊರಟ ಅಲೆ ಹಿಂದಿನ ಗೋಡೆಗೆ ಹೋಗಿ ವಾಪಸ್ ಬರುವಷ್ಟರಲ್ಲಿ ಅರ್ಧ ಅಲೆಯಷ್ಟು ತಡವಾದರೆ, ಮುಂದಕ್ಕೆ ಹೋಗುತ್ತಿರುವ ಅಲೆಗೆ ಅದು ಎದುರಾಗಿ ನಿಲ್ಲುತ್ತದೆ. ಎರಡೂ ಸೇರಿ ಆ ಸ್ವರವೇ ಮಾಯ. ಲೆಕ್ಕ ಸರಳ: 343ನ್ನು ವೂಫರ್ ಮತ್ತು ಗೋಡೆಯ ನಡುವಿನ ದೂರದ ನಾಲ್ಕರಷ್ಟರಿಂದ ಭಾಗಿಸಿ. ದೂರ 1 ಮೀಟರ್ ಆದರೆ 86 ಹರ್ಟ್ಜ್ ಹತ್ತಿರ ಗುಂಡಿ. 60 ಸೆಂಟಿಮೀಟರ್ ಆದರೆ 143. 30 ಸೆಂಟಿಮೀಟರ್ ಆದರೆ 286. 20 ಆದರೆ 430ರ ಹತ್ತಿರ.

ಗಂಡು ದನಿಯ ಬುಡ ಹೆಚ್ಚುಕಮ್ಮಿ 85ರಿಂದ 180 ಹರ್ಟ್ಜ್ ಒಳಗೆ ಓಡಾಡುತ್ತದೆ. ಕಪ್ಪು ಒಂದರ (ಹಾರ್ಮೋನಿಯಂನ ಮೊದಲ ಕಪ್ಪು ಮನೆ) ಶ್ರುತಿಯಲ್ಲಿ ಹಾಡುವವರ ಷಡ್ಜ ಸುಮಾರು 139 ಹರ್ಟ್ಜ್. ಈಗ ಆ 60 ಸೆಂಟಿಮೀಟರಿನ ಗುಂಡಿ ಎಲ್ಲಿದೆ ನೋಡಿ. ಸರಿಯಾಗಿ ಹಾಡುವವರ ಎದೆಯ ಮೇಲೆ. ‘ಗೋಡೆಯಿಂದ ಪೂರ್ತಿ ಮೂರಡಿ ಆಗಲ್ಲ, ಎರಡಡಿಯಾದರೂ ಬಿಡೋಣ’ ಅಂತ ನಾವು ಮಾಡಿಕೊಳ್ಳುವ ರಾಜಿ ಇದೆಯಲ್ಲ, ಎಷ್ಟೋ ಮನೆಗಳಲ್ಲಿ ಅದೇ ಎಲ್ಲಕ್ಕಿಂತ ಕೆಟ್ಟ ಜಾಗ. ಪೂರ್ತಿ ಮುಂದೆ ಬರಲು ಆಗದಿದ್ದರೆ ಪೂರ್ತಿ ಹಿಂದಕ್ಕೇ ಹೋಗಿ. ಗೋಡೆಗೆ ಹತ್ತಿರವಾದಷ್ಟೂ ಗುಂಡಿ ಮೇಲಕ್ಕೆ ಸರಿಯುತ್ತದೆ. ಅಲ್ಲಿ ಪೆಟ್ಟಿಗೆಯೇ ಶಬ್ದವನ್ನು ಮುಂದಕ್ಕೆ ತಿರುಗಿಸಲು ಶುರು ಮಾಡಿರುವುದರಿಂದ ಹಿಂದಕ್ಕೆ ಹೋಗುವುದೇ ಕಡಿಮೆ, ಗುಂಡಿಯೂ ಆಳವಿಲ್ಲ. ಅದಕ್ಕೇ ಗೋಡೆಗಿಡುವ ಸ್ಪೀಕರ್ ಆಳ ಕಡಿಮೆ ಇದ್ದಷ್ಟೂ ಒಳ್ಳೆಯದು. ರೆಕಾರ್ಡಿಂಗ್ ಸ್ಟುಡಿಯೋಗಳಲ್ಲಿ ದೊಡ್ಡ ಮಾನಿಟರ್ ಸ್ಪೀಕರುಗಳನ್ನು ಗೋಡೆಯೊಳಗೇ ಹುದುಗಿಸಿ, ಮುಖ ಗೋಡೆಗೆ ಸಮ ಮಾಡಿರುವುದನ್ನು ನೋಡಿರಬಹುದು. ಹಿಂದಕ್ಕೆ ದೂರವೇ ಇಲ್ಲದಿದ್ದರೆ ಹಿಂದಿನ ಗೋಡೆಯ ಗುಂಡಿಯೂ ಇಲ್ಲ.

ಮೈಸೂರಿನ ಅಕ್ಕನ ಮನೆಯಲ್ಲಿ ಇದೆಲ್ಲ ಕಣ್ಣಿಗೆ, ಅಲ್ಲ ಕಿವಿಗೆ, ಕಟ್ಟಿದ ಹಾಗೆ ಕಂಡಿತು. ಭಾವ ನಿವೃತ್ತಿಯಾದ ಮೇಲೆ ಆಸೆಪಟ್ಟು ಒಂದು ಜೋಡಿ ಟವರ್ ಸ್ಪೀಕರ್ ತಂದಿದ್ದರು. ಎದೆಯುದ್ದ, ಹಿಂದುಗಡೆ ದೊಡ್ಡ ಪೋರ್ಟ್, ಅಂದರೆ ಗಾಳಿ ಓಡಾಡುವ ತೂತು. “ಅಂಗಡೀಲಿ ಎಷ್ಟು ಚೆನ್ನಾಗಿತ್ತು ಗೊತ್ತೇನಯ್ಯಾ? ಇಲ್ಲಿ ತಂದಿಟ್ಟರೆ ಬರೀ ಗುಂಯ್ ಅನ್ನುತ್ತೆ. ಮೃದಂಗದ ಎಡಗೈ ಬಿದ್ದರೆ ಷೋಕೇಸಿನ ಗಾಜು ಅದುರುತ್ತೆ, ಸ್ವರ ಮಾತ್ರ ಇಲ್ಲ” ಅಂದರು.

“ಭಾವ, ಹಾಡು ಬೇಡ. ವಾರ್ತೆ ಹಾಕಿ, ಗಂಡಸರು ಓದುವುದು” ಅಂದೆ.

ಸ್ಪೀಕರ್ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಹಾಡಿನಲ್ಲಿ ಎಷ್ಟು ಬೇಸ್ ಇರಬೇಕಿತ್ತು ಅಂತ ಯಾರಿಗೆ ಗೊತ್ತು? ಮನುಷ್ಯ ಮಾತಾಡುವುದು ಹೇಗಿರುತ್ತದೆ ಅಂತ ಎಲ್ಲರಿಗೂ ಗೊತ್ತು. ಒಂದೇ ಸ್ಪೀಕರ್ ಹಚ್ಚಿ, ಭಾವ ಅದನ್ನು ಅಪ್ಪಿಕೊಂಡು ಗೋಡೆಯಿಂದ ಇಷ್ಟಿಷ್ಟೇ ಮುಂದಕ್ಕೆ ಎಳೆಯುತ್ತಾ ಬಂದರು, ನಾನು ಸೋಫಾದಲ್ಲಿ ಕೂತು ಕೇಳಿದೆ. ನಿಲ್ಲಿಸಿದಲ್ಲೆಲ್ಲ ನೆಲಕ್ಕೆ ಪೇಂಟರ್ ಟೇಪಿನ ತುಂಡು. ಗೋಡೆ ಪಕ್ಕದಲ್ಲಿ ಓದುವವರ ಗಂಟಲು ಊದಿಕೊಂಡಿತ್ತು. ‘ಬ’, ‘ಮ’ ಬಂದಾಗಲೆಲ್ಲ ಒಂದು ಗುಮ್ಮು ಹಿಂದೆಯೇ ಎಳೆದುಕೊಂಡು ಬರುತ್ತಿತ್ತು. ಎರಡಡಿ ಹತ್ತಿರ ಬಂದಾಗ ಗುಮ್ಮು ಹೋಯಿತು, ಜೊತೆಗೆ ಎದೆಯೂ ಹೋಯಿತು. ಮಾತೆಲ್ಲ ಮೂಗು-ಬಾಯಿಂದಲೇ ಬರುತ್ತಿದೆ ಅನ್ನಿಸಿತು. ನಾಲ್ಕಡಿ ದಾಟಿದ ಮೇಲೆ ಮನುಷ್ಯ ಸಿಕ್ಕ. ಆದರೆ ಅಲ್ಲಿಗೆ ಸ್ಪೀಕರ್ ಹಾಲ್‌ನ ನಡುವೆ ಬಂದಿತ್ತು. ಅಕ್ಕ ಪೊರಕೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. “ಅಲ್ಲೇ ಬಿಟ್ಟರೆ ನಾನು ಗುಡಿಸೋದು ಹೇಗೋ? ಮನೆಗೆ ನಾಲ್ಕು ಜನ ಬಂದರೆ ಅದರ ತಲೆ ಮೇಲೆ ಕೂರಿಸ್ಲಾ?”

ಅಕ್ಕನ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಹೈ-ಫೈ ಜಗತ್ತಿನಲ್ಲಿ ಹೆಂಡತಿ ಒಪ್ಪುವುದಿಲ್ಲ ಅನ್ನುವ ಸವಕಲು ಜೋಕ್ ಇದೆ. ಕೇಳಿ ಕೇಳಿ ಸಾಕಾಗಿದೆ. ಹಾಲ್ ಇರುವುದು ಬದುಕಲಿಕ್ಕೆ. ಅವಳು ಹೇಳಿದ್ದು ದೂರು ಅಲ್ಲ, ಕೊಳ್ಳುವ ಮೊದಲೇ ಕಾಗದದ ಮೇಲೆ ಬರೆದುಕೊಳ್ಳಬೇಕಾದ ಷರತ್ತು.

ಆ ಹೊತ್ತಿನ ಮದ್ದು ಒಂದು ಜೊತೆ ಕಾಲುಚೀಲ. ಸುರುಳಿ ಸುತ್ತಿ ಹಿಂದಿನ ಪೋರ್ಟಿಗೆ ತುರುಕಿದೆವು. ನಗಬೇಡಿ, ಎಷ್ಟೋ ಕಂಪನಿಗಳು ಇದೇ ಕೆಲಸಕ್ಕೆ ಸ್ಪಂಜಿನ ಬಿರಡೆ ಕೊಡುತ್ತವೆ. ಪೋರ್ಟ್ ಮುಚ್ಚಿದರೆ ಬೇಸ್ ಮೇಲಿನಿಂದಲೇ ಇಳಿಯಲು ಶುರುವಾಗುತ್ತದೆ, ಆದರೆ ನಿಧಾನವಾಗಿ ಇಳಿಯುತ್ತದೆ. ಪೋರ್ಟ್ ಇರುವ ಪೆಟ್ಟಿಗೆಯಲ್ಲಿ ಒಂದು ಹಂತದ ಕೆಳಗೆ ಪ್ರತಿ ಆಕ್ಟೇವಿಗೆ, ಅಂದರೆ ಒಂದೊಂದು ಸ್ಥಾಯಿ ಇಳಿದ ಹಾಗೂ, 24 ಡೆಸಿಬಲ್ ಬಿದ್ದರೆ, ಮುಚ್ಚಿದ ಪೆಟ್ಟಿಗೆಯಲ್ಲಿ 12. ಆ ನಿಧಾನದ ಇಳಿಜಾರಿನ ಮೇಲೆ ಗೋಡೆ ಕೊಡುವುದು ಬಂದು ಕೂತರೆ ಹೆಚ್ಚುಕಮ್ಮಿ ಸಮವಾಗುತ್ತದೆ. ವಾರ್ತೆ ಓದುವವರ ಗಂಟಲು ಅರ್ಧ ಇಳಿಯಿತು. ಭಾವನಿಗೆ ಅರ್ಧ ಸಮಾಧಾನ. ಮುಂದೊಂದು ದಿನ ಆ ಟವರ್ ಜೋಡಿ ದೊಡ್ಡ ಹಾಲ್ ಇದ್ದ ಅವರ ಗೆಳೆಯರ ಮನೆ ಸೇರಿತು, ಇಲ್ಲಿಗೆ ಆಳ ಕಡಿಮೆ ಇರುವ ಸಣ್ಣ ಮುಚ್ಚಿದ ಪೆಟ್ಟಿಗೆಗಳು ಬಂದವು.

ಪೋರ್ಟ್ ವಿಷಯ ಬಂದಿದ್ದಕ್ಕೆ ಇನ್ನೊಂದು ಮಾತು. ‘ಪೋರ್ಟ್ ಮುಂದುಗಡೆ ಇದ್ದರೆ ಗೋಡೆಗೆ ಇಡಬಹುದು’ ಅಂತ ಅಂಗಡಿಯವರು ಧಾರಾಳವಾಗಿ ಹೇಳುತ್ತಾರೆ. ಅರ್ಧ ಸತ್ಯ. ಹಿಂದಿನ ಪೋರ್ಟಿಗೆ ಉಸಿರಾಡಲು ಜಾಗ ಬೇಕು. ಪೋರ್ಟಿನ ವ್ಯಾಸದಷ್ಟಾದರೂ ಬಿಡಬೇಕು, ಅದು ನಿಜ. ಆದರೆ 7 ಮೀಟರ್ ಅಲೆಗೆ ಪೋರ್ಟ್ ಮುಂದಿದೆಯೋ ಹಿಂದಿದೆಯೋ ಅನ್ನುವುದರಿಂದ ಏನಾಗಬೇಕು? ಗೋಡೆ ಅಷ್ಟೇ ಬೇಸ್ ಸೇರಿಸುತ್ತದೆ. ಪೋರ್ಟ್ ಎಲ್ಲಿದೆ ಅಂತ ಕೇಳುವುದಕ್ಕಿಂತ, ಈ ಸ್ಪೀಕರನ್ನು ಎಲ್ಲಿಟ್ಟುಕೊಂಡು ಟ್ಯೂನ್ ಮಾಡಿದ್ದಾರೆ ಅಂತ ಕೇಳಿ.

ನಮ್ಮ ಗೋಡೆಗಳ ಬಗ್ಗೆಯೂ ಹೇಳಬೇಕು. ಅಮೆರಿಕದ ಮನೆಗಳಲ್ಲಿ ಒಳಗೋಡೆ ಅಂದರೆ ಸಾಮಾನ್ಯವಾಗಿ ಮರದ ಚೌಕಟ್ಟಿಗೆ ಎರಡೂ ಕಡೆ ಬಡಿದ ಜಿಪ್ಸಮ್ ಹಲಗೆ, ನಡುವೆ ಟೊಳ್ಳು. ಬೇಸ್ ಬಂದು ಬಡಿದರೆ ಅದು ಬಾಗುತ್ತದೆ, ಒಂದಿಷ್ಟನ್ನು ನುಂಗುತ್ತದೆ, ಇನ್ನೊಂದಿಷ್ಟನ್ನು ಪಕ್ಕದ ಕೋಣೆಗೆ ಬಿಡುತ್ತದೆ. ನಮ್ಮದು ಇಟ್ಟಿಗೆ ಅಥವಾ ಕಾಂಕ್ರೀಟ್ ಬ್ಲಾಕ್, ಮೇಲೆ ಸಿಮೆಂಟ್ ಗಾರೆ. ನೆಲಕ್ಕೆ ಟೈಲ್ಸ್, ಮೇಲೆ ಆರ್‌ಸಿಸಿ. ಹೊರಗಿನ ಒಂಬತ್ತಿಂಚಿನ ಗೋಡೆ ಬೇಸಿಗೆ ಜಪ್ಪಯ್ಯ ಅನ್ನುವುದಿಲ್ಲ, ಬಂದದ್ದನ್ನೆಲ್ಲ ವಾಪಸ್ ಕಳಿಸುತ್ತದೆ. ಹಾಗಾಗಿ ಅಲ್ಲಿಯ ವಿಮರ್ಶಕರು ‘ಗೋಡೆ ಹತ್ತಿರವೂ ನಡೆಯುತ್ತದೆ’ ಅಂತ ಬರೆದ ಸ್ಪೀಕರ್ ಇಲ್ಲಿ ನಡೆಯದೇ ಹೋಗಬಹುದು. ಬೇಸ್ ಸ್ವಲ್ಪ ಕಡಿಮೆ ಅಂತ ಅವರು ಮೂಗು ಮುರಿದದ್ದು ಇಲ್ಲಿ ಸರಿಯಾಗಿ ಕೂರಬಹುದು. ಮಲೆನಾಡಿನ ಹಳೆಯ ಮನೆಗಳಲ್ಲಿ, ಸೂರಿಗೆ ಬರೀ ಮಂಗಳೂರು ಹೆಂಚು ಹೊದಿಸಿದಲ್ಲಿ, ಬೇಸ್ ಸಂದಿಯಿಂದ ಹೊರಗೆ ಹೋಗಿಬಿಡುತ್ತದೆ. ಅಲ್ಲಿ ದೊಡ್ಡ ಟವರ್ ಸ್ಪೀಕರನ್ನೂ ಗೋಡೆಗಿಟ್ಟು ಸುಖವಾಗಿ ಕೇಳಬಹುದು. ಮಳೆಗಾಲ ಬಿಟ್ಟು ಅನ್ನಿ.

ಈಗ ಮೂಲೆ. ಒಂದು ಗೋಡೆ 6 ಡೆಸಿಬಲ್ ಕೊಟ್ಟರೆ, ಎರಡು ಗೋಡೆ 12, ನೆಲವೂ ಸೇರಿದ ಮೂಲೆ 18. ಇದು ಪುಸ್ತಕದ ಲೆಕ್ಕ. ಮನೆಯಲ್ಲಿ ಇಷ್ಟು ಸಿಗುವುದಿಲ್ಲ, ಆದರೂ ಸಿಗುವುದೇನು ಕಡಿಮೆಯಲ್ಲ. ಇವತ್ತು ಅದು ಕಾಟ ಅನ್ನಿಸುತ್ತದೆ. 1940-50ರ ದಶಕದಲ್ಲಿ ಅದು ಪುಕ್ಕಟೆ ಸಿಕ್ಕ ಆಂಪ್ಲಿಫೈಯರ್. ಆಗಿನ ವಾಲ್ವ್ ಆಂಪ್ಲಿಫೈಯರುಗಳು ಹತ್ತು ಹದಿನೈದು ವಾಟ್ ಕೊಟ್ಟರೆ ದೊಡ್ಡದು. ಮೇಲಾಗಿ ಕಾಲ ಮೋನೋ, ಒಂದೇ ಸ್ಪೀಕರ್, ಒಂದು ಮೂಲೆ ಖಾಲಿ ಇದ್ದರೆ ಸಾಕು.

ಅಮೆರಿಕದ ಅರ್ಕನ್ಸಾದ ಹೋಪ್ ಅನ್ನುವ ಊರಿನಲ್ಲಿ ಪಾಲ್ ಕ್ಲಿಪ್ಶ್ 1946ರಲ್ಲಿ ಕಂಪನಿ ಶುರು ಮಾಡಿದ್ದೇ ಇಂಥ ಮೂಲೆ ಸ್ಪೀಕರ್ ಮಾಡಲು. ಹೆಸರು ಕ್ಲಿಪ್ಶ್‌ಹಾರ್ನ್. ಬೇಸಿಗೆ ಹಾರ್ನ್, ಅಂದರೆ ಕಹಳೆಯಂತೆ ಅಗಲವಾಗುತ್ತಾ ಹೋಗುವ ಕೊಳವೆ, ಕಟ್ಟಬೇಕೆಂದರೆ ಅದರ ಬಾಯಿ ಬಹಳ ಅಗಲವಿರಬೇಕು, ಮನೆಯೊಳಗೆ ಹಿಡಿಸುವುದಿಲ್ಲ. ಕ್ಲಿಪ್ಶ್ ಹಾರ್ನನ್ನು ಪೆಟ್ಟಿಗೆಯೊಳಗೆ ಮಡಚಿ, ಅದರ ಕೊನೆಯ ಭಾಗವನ್ನು ಮನೆಯ ಮೂಲೆಯೇ ಪೂರ್ತಿ ಮಾಡುವ ಹಾಗೆ ಕಟ್ಟಿದ. ಅಂದರೆ ನಿಮ್ಮ ಎರಡು ಗೋಡೆಗಳೂ ಸ್ಪೀಕರಿನ ಭಾಗ. ಗೋಡೆಗೂ ಪೆಟ್ಟಿಗೆಗೂ ನಡುವೆ ಸಂದಿ ಬಿಟ್ಟರೆ ಬೇಸ್ ಸೋರಿ ಹೋಗುತ್ತದೆ. 1 ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 105 ಡೆಸಿಬಲ್ ಅಂತ ಕಂಪನಿಯ ಲೆಕ್ಕ. ಮನೆಯ ಸಾಮಾನ್ಯ ಸ್ಪೀಕರ್ 86-88 ಕೊಡುತ್ತದೆ. ಆ ಸ್ಪೀಕರ್ ಇವತ್ತಿಗೂ ತಯಾರಾಗುತ್ತಿದೆ. ಇತ್ತೀಚಿನ ಮಾದರಿಯಲ್ಲಿ ಹಿಂಭಾಗ ಮುಚ್ಚಿರುವುದರಿಂದ ಗೋಡೆಗೆ ಅಂಟಿಸಲೇಬೇಕೆಂಬ ಕಟ್ಟುನಿಟ್ಟಿಲ್ಲ. ಬ್ರಿಟನ್ನಿನಲ್ಲಿ ಟ್ಯಾನಾಯ್ ಕಂಪನಿ 1953ರಲ್ಲಿ ಆಟೋಗ್ರಾಫ್ ಅನ್ನುವ ಮೂಲೆ ಸ್ಪೀಕರ್ ತಂದಿತು. ಅದೂ ಹಾರ್ನ್, ಅದೂ ಬೀರುವಿನಷ್ಟು ದೊಡ್ಡದು.

ಸ್ಟೀರಿಯೋ ಬಂದದ್ದೇ ಲೆಕ್ಕಾಚಾರ ಕೆಟ್ಟಿತು. ಒಂದೇ ಗೋಡೆಯ ಎರಡೂ ತುದಿಯ ಮೂಲೆಗಳು ಖಾಲಿ ಇರುವ ಮನೆ ಎಷ್ಟಿವೆ? ಒಂದರಲ್ಲಿ ಬಾಗಿಲು ಇದ್ದೇ ಇರುತ್ತದೆ. ಮೂಲೆಗಳು ಸಿಕ್ಕರೂ ಬಹಳ ದೂರದೂರ, ನಡುವೆ ದನಿಯಲ್ಲಿ ತೂತು. ಆ ತೂತು ಮುಚ್ಚಲು ಕ್ಲಿಪ್ಶ್ 1957ರಲ್ಲಿ ನಡುವೆ ಇಡುವ ಒಂದು ಸಣ್ಣ ಸ್ಪೀಕರ್ ಮಾಡಿದ. ಮೂಲೆಯೇ ದೇವರು ಅನ್ನುತ್ತಿದ್ದವನು ಮೂಲೆ ಬಿಟ್ಟ ಸ್ಪೀಕರ್ ಮಾಡಿದನಲ್ಲ ಅಂತ ಯಾರೋ ಛೇಡಿಸಿದ್ದಕ್ಕೆ ಅದಕ್ಕೆ ಹೆರೆಸಿ ಅಂತಲೇ ಹೆಸರಿಟ್ಟ. ಧರ್ಮದ್ರೋಹ!

ಗೋಡೆಯ ವಿಷಯವನ್ನು ಕೂಲಂಕಷವಾಗಿ ಅಳೆದವನು ರಾಯ್ ಆಲಿಸನ್. 1974ರಲ್ಲಿ ಅಮೆರಿಕದ ಆಡಿಯೋ ಇಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಅವನ ಲೇಖನ ಬಂತು. ವೂಫರಿನಿಂದ ನೆಲ, ಹಿಂಗೋಡೆ, ಪಕ್ಕದ ಗೋಡೆ ಮೂರೂ ಸಮಾನ ದೂರದಲ್ಲಿದ್ದರೆ ಮೂರರ ಗುಂಡಿಗಳೂ ಒಂದೇ ಕಡೆ ಬಿದ್ದು ದೊಡ್ಡ ಹಳ್ಳವಾಗುತ್ತದೆ ಅನ್ನುವುದು ಅದರ ಮುಖ್ಯ ಮಾತುಗಳಲ್ಲೊಂದು. ಮೂಲೆ ಹತ್ತಿರ ಇಡುವವರೆಲ್ಲ ಗೋಡೆಗೆ ಬರೆದಿಟ್ಟುಕೊಳ್ಳಬೇಕು. ಸ್ಪೀಕರ್ ಹಿಂಗೋಡೆಯಿಂದ ಎಷ್ಟಿದೆಯೋ ಪಕ್ಕದ ಗೋಡೆಯಿಂದ ಅಷ್ಟೇ ಇರಬಾರದು. ಒಂದು ಒಂದಡಿಯಾದರೆ ಇನ್ನೊಂದು ಎರಡು, ಎರಡೂವರೆ ಅಡಿ ಇರಲಿ. ಆಲಿಸನ್ ಆಮೇಲೆ ತನ್ನ ಹೆಸರಿನಲ್ಲೇ ಕಂಪನಿ ತೆರೆದು, ವೂಫರನ್ನು ನೆಲಕ್ಕೂ ಗೋಡೆಗೂ ಆದಷ್ಟು ಹತ್ತಿರ ಇಟ್ಟ ಸ್ಪೀಕರುಗಳನ್ನು ಮಾಡಿದ. ಹಳ್ಳವನ್ನು ಮೇಲಕ್ಕೆ ತಳ್ಳಿ, ಅದು ಬರುವ ಮೊದಲೇ ದನಿಯನ್ನು ಎತ್ತರದಲ್ಲಿರುವ ಬೇರೆ ಡ್ರೈವರಿಗೆ ದಾಟಿಸಿಬಿಡುವುದು ಉಪಾಯ. ಸ್ವೀಡನ್ನಿನ ಸ್ಟಿಗ್ ಕಾರ್ಲ್ಸನ್ ತನ್ನದೇ ದಾರಿಯಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲುವ ಸ್ಪೀಕರುಗಳನ್ನು ಮಾಡಿದ್ದ; ಸೋನಾಬ್ ಕಂಪನಿ ಅವನ್ನು ಮಾರುತ್ತಿತ್ತು. ಈಗ ಅದೇ ವಂಶದ್ದು ಲಾರ್ಸೆನ್ ಹೆಸರಿನಲ್ಲಿ ಬರುತ್ತದೆ. ಮೂಲೆಗೇ ಬೇಕು ಅನ್ನುವವರಿಗೆ ಪೀಟರ್ ಸ್ನೆಲ್‌ನ ವಿನ್ಯಾಸದಿಂದ ಬೆಳೆದ ಆಡಿಯೋ ನೋಟ್ ಕಂಪನಿಯ ಅಗಲ ಮುಖದ ಪೆಟ್ಟಿಗೆಗಳಿವೆ. ಬೆಲೆ ಕೇಳಿದರೆ ಎದೆ ಒಡೆಯುತ್ತದೆ, ಆ ಮಾತು ಬೇರೆ.

ಇಂಥವೆಲ್ಲ ನಮ್ಮ ಅಂಗಡಿಗಳಲ್ಲಿ ಕೈಗೆ ಸಿಗುವುದು ಕಷ್ಟ. ಸಿಗುವುದರಲ್ಲಿ ಏನು ನೋಡಬೇಕು? ನನ್ನ ಲೆಕ್ಕದಲ್ಲಿ ಸಣ್ಣ ವೂಫರ್, ಐದೂವರೆ ಇಂಚಿನ ಒಳಗಿನದ್ದು. ಮುಚ್ಚಿದ ಪೆಟ್ಟಿಗೆ, ಇಲ್ಲವೇ ಬಿರಡೆ ಹಾಕಿದರೂ ಚೆನ್ನಾಗಿ ಕೇಳಿಸುವಂಥದ್ದು. ಕೆಟಲಾಗಿನಲ್ಲಿ ‘35 ಹರ್ಟ್ಜ್‌ವರೆಗೆ ಹೋಗುತ್ತದೆ’ ಅಂತ ಹೆಮ್ಮೆಪಟ್ಟಿದ್ದರೆ ಸಣ್ಣ ಹಾಲ್‌ನವರು ಅದನ್ನು ಎಚ್ಚರಿಕೆ ಅಂತ ಓದಬೇಕು. 60-65ರಲ್ಲಿ ಮೆಲ್ಲಗೆ ಇಳಿಯುವ ಸ್ಪೀಕರ್ ಗೋಡೆ ಪಕ್ಕದಲ್ಲಿ 45ರವರೆಗೂ ಸಲೀಸಾಗಿ ಕೇಳಿಸಬಲ್ಲದು. ದುಡ್ಡು ಕೊಟ್ಟು ಕೊಳ್ಳಬೇಕಾದ ಬೇಸನ್ನು ಮನೆ ಕಟ್ಟಿದ ಮೇಸ್ತ್ರಿ ಪುಕ್ಕಟೆ ಕೊಟ್ಟಿದ್ದಾನೆ.

ಆಂಪ್ಲಿಫೈಯರ್ ಒಳಗೇ ಇರುವ ಆಕ್ಟಿವ್ ಸ್ಪೀಕರುಗಳಿಗೆ ನನ್ನ ಓಟು ಸ್ವಲ್ಪ ಜಾಸ್ತಿ. ಗೋಡೆ ಇರುತ್ತದೆ ಅಂತ ಒಪ್ಪಿಕೊಂಡೇ ಅವನ್ನು ಮಾಡಿರುತ್ತಾರೆ. ಯಮಹಾ ಎಚ್‌ಎಸ್ ಸರಣಿಯ ಬೆನ್ನಲ್ಲಿ ರೂಮ್ ಕಂಟ್ರೋಲ್ ಅನ್ನುವ ಸ್ವಿಚ್ ಇದೆ: 500 ಹರ್ಟ್ಜ್‌ಗಿಂತ ಕೆಳಗಿನದ್ದನ್ನು 2 ಅಥವಾ 4 ಡೆಸಿಬಲ್ ಇಳಿಸಬಹುದು. ಜೆನೆಲೆಕ್‌ನ ಸ್ಟುಡಿಯೋ ಸ್ಪೀಕರುಗಳಲ್ಲೂ ಬೇಸ್ ಬಗ್ಗಿಸುವ ಪುಟ್ಟ ಸ್ವಿಚ್ಚುಗಳಿವೆ. ಕೆಇಎಫ್‌ನ ವೈರ್‌ಲೆಸ್ ಸ್ಪೀಕರುಗಳಲ್ಲಿ ಗೋಡೆ ಹತ್ತಿರ ಇದೆಯಾ ಅಂತ ಆ್ಯಪೇ ಕೇಳುತ್ತದೆ. ಮೊದಲು ಹೇಳಿದ ಎರಡು ಉಪ್ಪಿನ ಕತೆಗೆ ಇದು ನೇರ ಉತ್ತರ. ನೋಡಲು ಸ್ಟುಡಿಯೋ ಸಾಮಾನಿನ ಥರ ಇರುತ್ತವೆ ಅನ್ನುವುದೊಂದೇ ತಕರಾರು.

ಇಷ್ಟೆಲ್ಲ ಮಾಡಿದ ಮೇಲೂ ಗುಂಯ್ ಹೋಗದಿದ್ದರೆ ಸೋಫಾ ನೋಡಿ. ಅದೂ ಎದುರು ಗೋಡೆಗೆ ಒತ್ತಿಕೊಂಡೇ ಇರುತ್ತದೆ ಅಲ್ವಾ? ಹನ್ನೆರಡು ಅಡಿ ಉದ್ದದ ಹಾಲ್ ತನ್ನದೇ ಒಂದು ಸ್ವರ ಇಟ್ಟುಕೊಂಡಿರುತ್ತದೆ, ಸುಮಾರು 47 ಹರ್ಟ್ಜ್. ಹತ್ತಡಿ ಅಗಲಕ್ಕೆ ಇನ್ನೊಂದು, 56. ಈ ಸ್ವರಗಳು ಗೋಡೆ ಬುಡದಲ್ಲಿ ಎಲ್ಲಕ್ಕಿಂತ ಜೋರು, ಕೋಣೆಯ ನಡುವೆ ಎಲ್ಲಕ್ಕಿಂತ ಕ್ಷೀಣ. ಸ್ಪೀಕರ್ ಒಂದು ಗೋಡೆಗೆ, ತಲೆ ಎದುರು ಗೋಡೆಗೆ ಅಂದರೆ ಜೋರಾಗಿ ಹುಟ್ಟುವ ಜಾಗದಿಂದ ಜೋರಾಗಿ ಕೇಳುವ ಜಾಗಕ್ಕೆ ನೇರ ದಾರಿ. ಸೋಫಾವನ್ನು ಒಂದೂವರೆ ಅಡಿ ಮುಂದೆ ಎಳೆದರೂ ವ್ಯತ್ಯಾಸ ಗೊತ್ತಾಗುತ್ತದೆ. ಹತ್ತು ಉದ್ದ, ಹತ್ತು ಅಗಲ, ಹತ್ತು ಎತ್ತರದ ಕೋಣೆ ಇದ್ದರೆ ಮೂರೂ ಸ್ವರ ಒಂದೇ ಕಡೆ ಬಂದು ಬೀಳುತ್ತವೆ. ಅಂಥ ಕೋಣೆಯನ್ನು ಬೇರೆ ಯಾವುದಕ್ಕಾದರೂ ಬಳಸಿ.

ಕೊನೆಗೆ ಅಂಗಡಿಯ ವಿಷಯ. ಅಲ್ಲಿ ಕಾರ್ಪೆಟ್ ಹಾಸಿ, ಪರದೆ ಬಿಟ್ಟು, ಸ್ಪೀಕರನ್ನು ಐದಡಿ ಮುಂದೆ ತಂದು ನಿಲ್ಲಿಸಿರುತ್ತಾರೆ. ಅಲ್ಲಿ ತುಂಬಿದ ಬೇಸ್ ಕೊಟ್ಟದ್ದನ್ನು ನಾವು ಇಷ್ಟಪಡುತ್ತೇವೆ, ತೆಳ್ಳಗೆ ಕೇಳಿದ್ದನ್ನು ಬಿಟ್ಟು ಬರುತ್ತೇವೆ. ಗೋಡೆಗಿಡುವವರು ಬಿಟ್ಟುಬಂದದ್ದನ್ನೇ ಇನ್ನೊಮ್ಮೆ ಕೇಳಬೇಕು. ಹೋಗುವಾಗ ಮನೆಯ ಅಳತೆ ಬರೆದುಕೊಂಡು ಹೋಗಿ: ಗೋಡೆಯಿಂದ ಎಷ್ಟು, ಮೂಲೆಯಿಂದ ಎಷ್ಟು, ಸೋಫಾ ಎಷ್ಟು ದೂರ. ‘ಇದನ್ನು ಆ ಗೋಡೆಗೆ ತಳ್ಳಿ ಹಾಕಿ ನೋಡೋಣ’ ಅಂತ ಸಂಕೋಚ ಇಲ್ಲದೆ ಕೇಳಿ. ಫೋನಿನಲ್ಲಿ ನಾಲ್ಕು ನಿಮಿಷದ ಯಾವುದಾದರೂ ಗಂಡು ದನಿಯ ಭಾಷಣ ಇರಲಿ, ಒಂದು ಮೃದಂಗದ ತನಿ ಆವರ್ತನ ಇರಲಿ. ತಳ್ಳಲು ಒಪ್ಪದಿದ್ದರೆ ಎರಡು ದಿನ ಮನೆಗೆ ಕೊಡುತ್ತಾರಾ ವಿಚಾರಿಸಿ. ಅದಕ್ಕೂ ಒಪ್ಪದಿದ್ದರೆ ಬೇರೆ ಅಂಗಡಿ ನೋಡಿ.